ಒಂದೇ ನಾಣ್ಯ, ಬೇರೆ ಬೇರೆ ಬೊಕ್ಕಸ

(ಶಿರಸಿಯಲ್ಲಿ ಅಡಿಕೆ ಬೆಳೆಗಾರರು, ವ್ಯಾಪಾರಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವೂ ಕೊನೆಯಲ್ಲಿದೆ.)

ಭಟ್ಕಳದ ಮನೆಮನೆಗೂ ಇವತ್ತು ದಿರ್ಹಮ್, ರಿಯಾಲ್, ದಿನಾರ್‌ಗಳ ಲೆಕ್ಕ ಗೊತ್ತು. ಆದರೆ ಎಪ್ಪತ್ತು ವರ್ಷಗಳ ಹಿಂದೆ ಕೊಲ್ಲಿಯ ಅದೇ ಊರುಗಳಲ್ಲಿ ಅಂಗಡಿಯ ಗಲ್ಲೆಗೆ ಬೀಳುತ್ತಿದ್ದದ್ದು ನಮ್ಮ ರೂಪಾಯಿ. ಕುವೈತ್, ಬಹ್ರೇನ್, ಕತಾರ್, ದುಬೈ, ಮಸ್ಕತ್, ಇಲ್ಲೆಲ್ಲ ಬ್ರಿಟಿಷರ ಕಾಲದಿಂದ ಭಾರತದ ರೂಪಾಯಿಯೇ ದಿನಬಳಕೆಯ ಹಣ. ನಮಗೆ ಸ್ವಾತಂತ್ರ್ಯ ಬಂದ ಮೇಲೂ ಅದು ಹಾಗೇ ಮುಂದುವರಿಯಿತು. ಹಲವು ದೇಶಗಳು ಒಂದೇ ನಾಣ್ಯ ಬಳಸಿದರೆ ಏನು ಲಾಭ, ಎಲ್ಲಿ ಪೆಟ್ಟು ಎಂದು ತಿಳಿಯಲು ಯುರೋಪಿಗೆ ಹೋಗುವ ಮೊದಲು ಈ ರೂಪಾಯಿಯ ದಾರಿಯನ್ನೇ ನೋಡೋಣ.

ಲಾಭ ಸುಲಭವಾಗಿ ಕಾಣುತ್ತದೆ. ಮಲಬಾರಿನ ಮರ ತುಂಬಿ ಹೊರಟ ಹಡಗಿಗೆ ಹೊರಟಲ್ಲೂ ತಲುಪಿದಲ್ಲೂ ಒಂದೇ ಹಣ. ನಡುವೆ ಕೂತು ವಟ್ಟ ಕಳೆಯುವವರಿಲ್ಲ. ಸರಕು ತಲುಪುವ ಹೊತ್ತಿಗೆ ದರ ಏನಾಗುತ್ತದೋ ಎಂಬ ಆತಂಕವಿಲ್ಲ.

ತೊಡಕು ಶುರುವಾದದ್ದು ಚಿನ್ನದಿಂದ. 1950ರ ದಶಕದಲ್ಲಿ ಭಾರತದಲ್ಲಿ ಚಿನ್ನದ ಆಮದಿಗೆ ತಡೆಯಿತ್ತು, ಹಾಗಾಗಿ ಇಲ್ಲಿನ ಬೆಲೆ ಹೊರಗಿನದಕ್ಕಿಂತ ಬಹಳ ಮೇಲಿತ್ತು. ಕಳ್ಳಸಾಗಣೆದಾರರು ನೋಟಿನ ಕಂತೆಯನ್ನು ಕೊಲ್ಲಿಗೆ ಒಯ್ದು ಅಲ್ಲಿ ಚಿನ್ನ ಕೊಂಡು ತರುತ್ತಿದ್ದರು. ಅಲ್ಲಿ ಆ ನೋಟು ಚಲಾವಣೆಯ ಹಣವೇ ಆದ್ದರಿಂದ ನೇರವಾಗಿ ಬ್ಯಾಂಕಿಗೆ ಸೇರುತ್ತಿತ್ತು. ಬ್ಯಾಂಕು ಅದನ್ನು ರಿಸರ್ವ್ ಬ್ಯಾಂಕಿಗೆ ಮರಳಿಸಿ ಪೌಂಡ್ ಪಡೆಯುತ್ತಿತ್ತು. ಅಂದರೆ ಕಳ್ಳ ಚಿನ್ನದ ಬಿಲ್ಲು ಕಡೆಗೆ ಪಾವತಿಯಾಗುತ್ತಿದ್ದದ್ದು ಭಾರತದ ವಿದೇಶಿ ವಿನಿಮಯದ ತಿಜೋರಿಯಿಂದ. ಇದನ್ನು ಕಟ್ಟಿಹಾಕಲು 1959ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಯನ್ನು ತಿದ್ದಿ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿದರು. ಅದು ಭಾರತದೊಳಗೆ ನಡೆಯುವುದಿಲ್ಲ. ಬೆಲೆ ಮಾತ್ರ ನಮ್ಮ ರೂಪಾಯಿಯದೇ, ಪೌಂಡಿಗೆ ಹದಿಮೂರೂ ಚಿಲ್ಲರೆ.

ಬೆಲೆ ಒಂದೇ ಆಗಿ ಉಳಿದದ್ದೇ ಮುಂದಿನ ಪೆಟ್ಟಿಗೆ ದಾರಿಯಾಯಿತು. 1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯ ಮಾಡಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ಹಿಂದಿನ ದಿನ 21 ಡಾಲರ್ ಬಾಳುತ್ತಿದ್ದ ನೂರು ರೂಪಾಯಿ 13 ಡಾಲರ್ ಚಿಲ್ಲರೆಗೆ ಇಳಿಯಿತು. ಯುದ್ಧ, ಬರ, ನಿಂತುಹೋದ ವಿದೇಶಿ ನೆರವು, ಕಾರಣಗಳೆಲ್ಲ ಭಾರತದವು. ಆದರೆ ದುಬೈಯ ವ್ಯಾಪಾರಿಯ ಪೆಟ್ಟಿಗೆಯಲ್ಲಿದ್ದ ಹಣವೂ ಅದೇ ಕ್ಷಣ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡಿತು. ಅಲ್ಲಿ ಯುದ್ಧವೂ ಇರಲಿಲ್ಲ, ಬರವೂ ಇರಲಿಲ್ಲ. ಕುವೈತ್ 1961ರಲ್ಲೇ, ಬಹ್ರೇನ್ 1965ರಲ್ಲಿ ಸ್ವಂತ ದಿನಾರ್ ಮಾಡಿಕೊಂಡು ಹೊರಬಿದ್ದಿದ್ದವು. ಉಳಿದವರಲ್ಲಿ ಕತಾರ್ ಮತ್ತು ದುಬೈ ಸೇರಿ ಕೆಲವೇ ತಿಂಗಳಲ್ಲಿ ತಮ್ಮದೇ ರಿಯಾಲ್ ತಂದವು, ಅಬುಧಾಬಿ ಬಹ್ರೇನಿನ ದಿನಾರ್ ಹಿಡಿಯಿತು. ಒಮಾನ್ ಮಾತ್ರ 1970ರವರೆಗೆ ರೂಪಾಯಿಯಲ್ಲೇ ಇತ್ತು.

ಇದರಲ್ಲಿ ಗಮನಿಸಬೇಕಾದದ್ದು ಪೆಟ್ಟು ಎರಡೂ ಕಡೆ ಬಿದ್ದದ್ದು. ನೋಟು ಅಚ್ಚು ಹಾಕಿದವನ ತಿಜೋರಿ ಸೋರಿತು. ನೋಟು ಬಳಸಿದವನು ತನ್ನದಲ್ಲದ ತೀರ್ಮಾನಕ್ಕೆ ದಂಡ ತೆತ್ತನು. ಹಂಚಿಕೊಂಡ ನಾಣ್ಯದ ವಿಚಾರ ಬಂದಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೆಟ್ಟ ವರ್ಷದಲ್ಲಿ ನಷ್ಟವನ್ನು ಯಾರ ಖಾತೆಗೆ ಬರೆಯುತ್ತೀರಿ, ಮತ್ತು ಹಾಗೆ ಬರೆಯುವ ಅಧಿಕಾರ ಯಾರಿಗಿದೆ?

ಬೆಳ್ಳಿಯ ಕಾಲ, ಕಾಗದದ ಕಾಲ

ಇನ್ನೂ ಹತ್ತಿರದ ಉದಾಹರಣೆ ನಮ್ಮ ಜಿಲ್ಲೆಯ ಅಂಚಿನಲ್ಲೇ ಇದೆ, ಗೋವೆ ಗಡಿಯ ರೈಲು ನಿಲ್ದಾಣ ಕ್ಯಾಸಲ್‌ರಾಕ್. 1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದ ಮಾಡಿಕೊಂಡವು. ಗೋವೆಗೂ ಬ್ರಿಟಿಷ್ ಭಾರತಕ್ಕೂ ನಡುವೆ ಸುಂಕದ ಗಡಿ ತೆಗೆಯುವುದು, ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿಸಿ ರೈಲು ತರುವುದು, ಎರಡೂ ಕಡೆಯ ನಾಣ್ಯವನ್ನು ಒಂದೇ ಅಳತೆಗೆ ತರುವುದು. ಅದರಂತೆ ಪೋರ್ಚುಗೀಸ್ ದೊರೆಯ ಮುಖವಿದ್ದ ರೂಪಿಯಾ ನಾಣ್ಯ 1881ರಿಂದ ಕಲ್ಕತ್ತೆಯ ಟಂಕಸಾಲೆಯಲ್ಲಿ, ಬ್ರಿಟಿಷ್ ರೂಪಾಯಿಯ ತೂಕದಲ್ಲೇ ಅಚ್ಚಾಯಿತು: 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಮುಖ ಬೇರೆ, ಮೈ ಒಂದೇ. ಉಪ್ಪಿನ ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಗೋವೆಗೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಪರಿಹಾರ. ಆ ಉಪ್ಪಿನ ವಿಚಾರವೇ ಗೋವೆಯಲ್ಲಿ ಅಸಮಾಧಾನ ಬೆಳೆಸಿತು. 1892ರಲ್ಲಿ ಒಪ್ಪಂದ ನವೀಕರಣವಾಗಲಿಲ್ಲ. ರೈಲು ಉಳಿಯಿತು, ಸುಂಕದ ಚೌಕಿ ಮರಳಿ ಬಂತು.

ಬೆಳ್ಳಿಯ ಕಾಲದಲ್ಲಿ ನಾಣ್ಯ ಹಂಚಿಕೊಳ್ಳುವುದು ಅಷ್ಟು ಕಷ್ಟವಲ್ಲ. ಇಕ್ಕೇರಿ ವರಹವನ್ನು ಕೆಳದಿ ಸಂಸ್ಥಾನದ ಗಡಿಯಾಚೆಗೂ ಜನ ಒಪ್ಪಿಕೊಳ್ಳುತ್ತಿದ್ದದ್ದು ಅದರೊಳಗಿನ ಚಿನ್ನ ನೋಡಿ. ಚಿನಿವಾರನ ತಕ್ಕಡಿ ಮತ್ತು ಒರೆಗಲ್ಲು ಇದ್ದರೆ ಸಾಕಿತ್ತು. ಇಂದಿನ ನೋಟಿನೊಳಗೆ ಲೋಹವಿಲ್ಲ. ಅದರ ಬೆಲೆ ಒಂದು ಕೇಂದ್ರ ಬ್ಯಾಂಕ್ ಬಡ್ಡಿದರವನ್ನು ಹೇಗೆ ಇಡುತ್ತದೆ, ಎಷ್ಟು ಹಣ ಬಿಡುತ್ತದೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಇಂದು ನಾಣ್ಯ ಹಂಚಿಕೊಳ್ಳುವುದೆಂದರೆ ಬಡ್ಡಿದರ ಹಂಚಿಕೊಳ್ಳುವುದು. ಅಲ್ಲಿಂದ ಮುಂದೆ ಬ್ಯಾಂಕುಗಳ ಜಾಮೀನೂ ಸಾಲದ ಹೊಣೆಯೂ ಬಾಗಿಲಿಗೆ ಬಂದು ನಿಲ್ಲುತ್ತವೆ.

ಲಾಭದ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಯೂರೋ ಬರುವ ಮೊದಲು, 1990ರಲ್ಲಿ, ಯುರೋಪಿನ ಆಯೋಗ ಅಂದಾಜಿಸಿದ್ದು ಇಷ್ಟು: ಬರೀ ನೋಟು ಬದಲಿಸುವ, ಹಣ ಕಳಿಸುವ ಖರ್ಚು ಉಳಿಯುವುದರಿಂದ ವರ್ಷಕ್ಕೆ ಜಿಡಿಪಿಯ 0.25ರಿಂದ 0.5 ಪ್ರತಿಶತ. ಚಿಕ್ಕ ದೇಶಕ್ಕೆ ಇದು ಹೆಚ್ಚು, ದೊಡ್ಡದಕ್ಕೆ ಕಡಿಮೆ. ದರದ ಏರಿಳಿತದ ವಿರುದ್ಧ ಮುಂಗಡ ಒಪ್ಪಂದ ಮಾಡಿಕೊಳ್ಳುವ ಶಕ್ತಿ ದೊಡ್ಡ ಕಂಪನಿಗಿದೆ, ಸಣ್ಣ ರಫ್ತುದಾರನಿಗಿಲ್ಲ. ಹಾಗಾಗಿ ಸಣ್ಣವನಿಗೇ ಹೆಚ್ಚು ಅನುಕೂಲ. ಹಣದುಬ್ಬರಕ್ಕೆ ಹೆಸರಾದ ದೇಶಕ್ಕೆ ಇನ್ನೊಂದು ದೊಡ್ಡ ಲಾಭವುಂಟು, ಬಡ್ಡಿ ಇಳಿಯುತ್ತದೆ. ಈಕ್ವೆಡಾರ್ 2000ದಲ್ಲಿ ತನ್ನ ಸೂಕ್ರೆಯನ್ನು ಡಾಲರಿಗೆ 25,000ದಂತೆ ಕೈಬಿಟ್ಟು ಅಮೆರಿಕದ ಡಾಲರನ್ನೇ ತನ್ನ ಹಣ ಮಾಡಿಕೊಂಡಿತು. ಬೆಲೆಗಳು ಕೆಲವೇ ವರ್ಷಗಳಲ್ಲಿ ಹತೋಟಿಗೆ ಬಂದವು. ನೋಟು ಅಚ್ಚು ಹಾಕಿ ಬರುವ ಆದಾಯ ಮಾತ್ರ ಅಂದಿನಿಂದ ವಾಷಿಂಗ್ಟನ್ನಿನದು.

ಕೊಳೆ ರೋಗದ ವರ್ಷ

ಕೆನಡಾದ ಅರ್ಥಶಾಸ್ತ್ರಜ್ಞ ರಾಬರ್ಟ್ ಮುಂಡೆಲ್ 1961ರಲ್ಲಿ ಒಂದು ಸಣ್ಣ ಲೇಖನದಲ್ಲಿ ಕೇಳಿದ ಪ್ರಶ್ನೆ ಇಂದಿಗೂ ಈ ವಿಷಯದ ಬೆನ್ನೆಲುಬು. ಒಂದು ನಾಣ್ಯದ ಸೀಮೆ ಎಷ್ಟು ದೊಡ್ಡದಿರಬೇಕು? ದೇಶದ ಗಡಿಯೇ ನಾಣ್ಯದ ಗಡಿ ಆಗಬೇಕೆಂದೇನಿಲ್ಲವಲ್ಲ. 1999ರಲ್ಲಿ, ಯೂರೋ ಶುರುವಾದ ವರ್ಷವೇ, ಅವರಿಗೆ ನೊಬೆಲ್ ಬಂತು.

ಅವರ ಉತ್ತರವನ್ನು ಶಿರಸಿಯಿಂದಲೇ ನೋಡಬಹುದು. ಮಳೆ ಬಿಡುವು ಕೊಡದೆ, ಬೋರ್ಡೋ ದ್ರಾವಣ ಹೊಡೆಯಲು ಆಗದೆ, ಶಿರಸಿ-ಸಿದ್ದಾಪುರದ ತೋಟಗಳಲ್ಲಿ ಕೊಳೆ ರೋಗ ಬಿದ್ದು ಅಡಿಕೆ ಉದುರಿತು ಎನ್ನಿ. ಅದೇ ವರ್ಷ ಪಂಜಾಬಿನಲ್ಲಿ ಗೋಧಿ ಚೆನ್ನಾಗಿ ಬಂದಿದೆ. ಒಂದು ಕಡೆ ಪೆಟ್ಟು, ಇನ್ನೊಂದು ಕಡೆ ಸುಗ್ಗಿ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಅಸಮ ಆಘಾತ ಎನ್ನುತ್ತಾರೆ. ಶಿರಸಿಗೆ ಸ್ವಂತ ನಾಣ್ಯವಿದ್ದಿದ್ದರೆ ಅದರ ಬೆಲೆ ಕುಸಿದು, ಹೊರಗಿನವರಿಗೆ ನಮ್ಮ ಮಾಲು ಅಗ್ಗವಾಗಿ, ಹೊರಗಿನ ಮಾಲು ನಮಗೆ ತುಟ್ಟಿಯಾಗಿ ಪೆಟ್ಟು ಎಲ್ಲರ ಮೇಲೆ ಹರಡುತ್ತಿತ್ತು. ಆದರೆ ಶಿರಸಿಗಿರುವುದು ರೂಪಾಯಿ. ಕೊಳೆ ರೋಗ ಬಂತೆಂದು ರಿಸರ್ವ್ ಬ್ಯಾಂಕ್ ರೆಪೋ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಇಳಿಸುವುದಿಲ್ಲ, ಇಳಿಸಲೂಬಾರದು.

ಹಾಗಿದ್ದೂ ನಾವು ರೂಪಾಯಿಯೊಳಗೆ ಬದುಕಿ ಉಳಿದಿದ್ದೇವೆ. ಹೇಗೆಂದರೆ ಪೆಟ್ಟು ಹೊರಹೋಗಲು ಬೇರೆ ಬಾಗಿಲುಗಳಿವೆ. ಹುಡುಗರು ಬೆಂಗಳೂರಿಗೆ ಹೋಗುತ್ತಾರೆ, ಕಾರವಾರದ ಕಡೆಯವರು ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ ಗೋವೆಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಕೊಂಕಣಿ ನಡೆಯುತ್ತದೆ. ಪರವಾನಗಿ ಬೇಡ. ಇನ್ನೊಂದು ಬಾಗಿಲು ದೊಡ್ಡದು, ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ: ಸಾಮಾನ್ಯ ಬೊಕ್ಕಸ. ಹವಾಮಾನ ಆಧಾರಿತ ಬೆಳೆ ವಿಮೆಯ ಕಂತಿನಲ್ಲಿ ಕೇಂದ್ರದ ಪಾಲಿದೆ, ಪಿಂಚಣಿಗಳಿವೆ, ರೈಲ್ವೆ ಸಂಬಳವಿದೆ, ಕಾರವಾರದ ನೌಕಾನೆಲೆಯಂಥ ವೆಚ್ಚವಿದೆ. ಸ್ಥಳೀಯ ಬೆಳೆ ಹಾಳಾದ ವರ್ಷವೂ ಈ ಹಣ ಬರುವುದು ನಿಲ್ಲುವುದಿಲ್ಲ. ಅದೇ ವರ್ಷ ನಾವು ಕಟ್ಟುವ ತೆರಿಗೆ ಮಾತ್ರ ತಾನಾಗಿ ಕಡಿಮೆಯಾಗುತ್ತದೆ.

ಈ ಸಾಮಾನ್ಯ ಬೊಕ್ಕಸಕ್ಕೆ ಬೆಲೆಯುಂಟು, ಮತ್ತು ಕರ್ನಾಟಕಕ್ಕೆ ಆ ಬೆಲೆ ಚೆನ್ನಾಗಿ ಗೊತ್ತು. ಹಂಚಿಕೆಯ ತೆರಿಗೆಯಲ್ಲಿ ರಾಜ್ಯಗಳ ಒಟ್ಟು ಪಾಲು 41 ಪ್ರತಿಶತ ಎಂದು 15ನೇ ಹಣಕಾಸು ಆಯೋಗ ಹೇಳಿತು. ಅದರೊಳಗೆ ಕರ್ನಾಟಕದ ಪಾಲು 4.713ರಿಂದ 3.647ಕ್ಕೆ ಇಳಿಯಿತು. ಈ ಇಳಿಕೆಯ ಬಗ್ಗೆ ನಮ್ಮ ದೂರು ನ್ಯಾಯವಾದದ್ದೇ ಎಂದು ನಾನು ತಿಳಿದಿದ್ದೇನೆ. ಆದರೆ ದೂರು ಕೊಡಲು ಒಂದು ಜಾಗವಿದೆ, ಐದು ವರ್ಷಕ್ಕೊಮ್ಮೆ ಲೆಕ್ಕ ಮತ್ತೆ ತೆರೆಯುತ್ತದೆ. ಯುರೋಪಿನಲ್ಲಿ ಆ ಜಾಗವೇ ಇರಲಿಲ್ಲ.

ಯೂರೋ: ಎಲ್ಲಿ ಬಿರುಕು ಬಿಟ್ಟಿತು

1992ರ ಫೆಬ್ರವರಿ 7ರಂದು ಮಾಸ್ಟ್ರಿಕ್ಟ್ ಊರಿನಲ್ಲಿ ಒಪ್ಪಂದಕ್ಕೆ ಸಹಿಯಾಯಿತು. 1999ರ ಜನವರಿ 1ಕ್ಕೆ ಹನ್ನೊಂದು ದೇಶಗಳ ನಾಣ್ಯಗಳು ಒಂದಕ್ಕೊಂದು ಬಿಗಿಯಾದವು. 2002ರಲ್ಲಿ ನೋಟು ಕೈಗೆ ಬಂತು. ಈಗ 21 ದೇಶಗಳಿವೆ, ಕೊನೆಯದು 2026ರ ಜನವರಿಯಲ್ಲಿ ಸೇರಿದ ಬಲ್ಗೇರಿಯ. ಒಳಬರಲು ನಿಯಮಗಳಿದ್ದವು: ಸರ್ಕಾರದ ಕೊರತೆ ಜಿಡಿಪಿಯ 3 ಪ್ರತಿಶತ ಮೀರಬಾರದು, ಸಾಲ 60 ಮೀರಬಾರದು, ಅಥವಾ ಆ ಕಡೆಗೆ ಇಳಿಯುತ್ತಿರಬೇಕು. ಹಣದುಬ್ಬರ ಅತಿ ಕಡಿಮೆ ಇರುವ ಮೂರು ದೇಶಗಳಿಗಿಂತ 1.5 ಅಂಶದೊಳಗಿರಬೇಕು. ವಿನಿಮಯ ದರ ಎರಡು ವರ್ಷ ಕಟ್ಟಳೆಯೊಳಗೆ ನಿಂತು ತೋರಿಸಬೇಕು.

ನಿಯಮಗಳ ಕಣ್ಣೆಲ್ಲ ಸರ್ಕಾರದ ಮೇಲೆಯೇ ಇತ್ತು. ಬಿರುಕು ಬಿಟ್ಟದ್ದು ಬೇರೆ ಕಡೆ.

2003ರ ಜೂನ್‌ನಿಂದ 2005ರ ಡಿಸೆಂಬರ್‌ವರೆಗೆ ಯುರೋಪಿನ ಕೇಂದ್ರ ಬ್ಯಾಂಕಿನ ಬಡ್ಡಿದರ ಎಲ್ಲರಿಗೂ 2 ಪ್ರತಿಶತ. ಮಂದಗತಿಯಲ್ಲಿದ್ದ ಜರ್ಮನಿಯಲ್ಲಿ 2003ರ ಹಣದುಬ್ಬರ ಸುಮಾರು 1. ಸ್ಪೇನಿನಲ್ಲಿ 3ರ ಮೇಲೆ. ಬಡ್ಡಿಯಿಂದ ಹಣದುಬ್ಬರ ಕಳೆದರೆ, ಜರ್ಮನಿಯವನಿಗೆ ಸಾಲದ ನಿಜ ಬೆಲೆ ಒಂದು ಪ್ರತಿಶತವಾದರೆ ಸ್ಪೇನಿನವನಿಗೆ ಸೊನ್ನೆಗಿಂತ ಒಂದು ಕೆಳಗೆ. ಸಾಲ ಮಾಡಿ ಮನೆ ಕೊಂಡರೆ ಮನೆಯ ಬೆಲೆ ಏರುತ್ತದೆ, ಸಾಲ ಕರಗುತ್ತದೆ. ಯಾರಾದರೂ ಕೊಳ್ಳುತ್ತಾರೆ. ಹೀಗೆ ಬಿಸಿಯಾಗಿದ್ದ ಕಡೆ ಬೆಂಕಿಗೆ ಇನ್ನಷ್ಟು ಸೌದೆ ಬಿತ್ತು, ತಣ್ಣಗಿದ್ದ ಕಡೆ ಇದ್ದ ಕೆಂಡವೂ ಆರಿತು. ಒಂದೇ ದರ ಎಲ್ಲರಿಗೂ ತಪ್ಪು ದರವಾಗುವುದು ಹೀಗೆ.

ಆ ಹೊತ್ತಿಗೆ ಸ್ಪೇನ್ ಸರ್ಕಾರ ನಿಯಮಕ್ಕೆ ಒಂದಿಂಚೂ ತಪ್ಪಿರಲಿಲ್ಲ. 2007ರಲ್ಲಿ ಅದರ ಬಜೆಟ್ ಉಳಿತಾಯದಲ್ಲಿತ್ತು, ಸಾಲ ಜಿಡಿಪಿಯ 36 ಪ್ರತಿಶತ, ಜರ್ಮನಿಗಿಂತ ಕಡಿಮೆ. ಮನೆಗಳ ಗುಳ್ಳೆ ಒಡೆದಾಗ ಬ್ಯಾಂಕುಗಳ ನಷ್ಟ ಸರ್ಕಾರದ ತಲೆಗೆ ಬಂತು. 8 ಪ್ರತಿಶತವಿದ್ದ ನಿರುದ್ಯೋಗ 2013ಕ್ಕೆ 26 ಆಯಿತು. ಐರ್ಲೆಂಡ್ ಕೂಡ ಹಾಗೆಯೇ. 25ರ ಆಸುಪಾಸು ಇದ್ದ ಸರ್ಕಾರಿ ಸಾಲ, ಬ್ಯಾಂಕುಗಳ ಜಾಮೀನು ಹೊತ್ತ ಮೇಲೆ ಕೆಲವೇ ವರ್ಷದಲ್ಲಿ 120ರ ಹತ್ತಿರ ಹೋಯಿತು. ದಕ್ಷಿಣದವರು ಸೋಮಾರಿಗಳು, ದುಂದುಗಾರರು ಎಂಬ ಮಾತು ಆಗ ಎಲ್ಲೆಡೆ ಕೇಳಿಬಂತು, ಈಗಲೂ ಕೇಳುತ್ತದೆ. ಸ್ಪೇನ್, ಐರ್ಲೆಂಡ್‌ಗಳ ಈ ಅಂಕಿ ನೋಡಿದವರು ಆ ಮಾತನ್ನು ಆಡಬಾರದು.

ಗ್ರೀಸ್ ಮಾತ್ರ ಬೇರೆ. ಅಲ್ಲಿ ಸರ್ಕಾರದ್ದೇ ತಪ್ಪಿತ್ತು. ಯೂರೋ ಸೇರುತ್ತಲೇ ಅದರ ಸಾಲಪತ್ರಗಳ ಬಡ್ಡಿ ಜರ್ಮನಿಯದರ ಪಕ್ಕಕ್ಕೆ ಇಳಿಯಿತು. ಕೊಟ್ಟವರು ಗ್ರೀಸನ್ನು ನೋಡಿ ಕೊಡಲಿಲ್ಲ, ಯೂರೋ ನೋಡಿ ಕೊಟ್ಟರು. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆಯಲ್ಲ ಎಂದು ಒಪ್ಪಂದದಲ್ಲೇ ಬರೆದಿದ್ದರೂ ಮಾರುಕಟ್ಟೆ ಅದನ್ನು ನಂಬಲಿಲ್ಲ. 2009ರ ಅಕ್ಟೋಬರ್‌ನಲ್ಲಿ ಹೊಸ ಸರ್ಕಾರ ಬಂದು ಲೆಕ್ಕ ತೆರೆದಾಗ ಕೊರತೆ ಜಿಡಿಪಿಯ 12 ಪ್ರತಿಶತ ಮೀರಿತ್ತು. ತಿದ್ದುತ್ತ ಹೋದಂತೆ ಅದು 15ನ್ನೂ ದಾಟಿತು. 2010ರ ಮೇ ತಿಂಗಳಲ್ಲಿ 110 ಶತಕೋಟಿ ಯೂರೋಗಳ ಮೊದಲ ನೆರವು ಬಂತು, ಕಠಿಣ ಷರತ್ತುಗಳೊಂದಿಗೆ. 2012ರಲ್ಲಿ ಖಾಸಗಿ ಸಾಲಿಗರ ಅಸಲಿನಲ್ಲಿ 53.5 ಪ್ರತಿಶತ ಕಡಿದರು. ನಿರುದ್ಯೋಗ 27 ಮೀರಿತು. ದೇಶದ ಉತ್ಪನ್ನ ಕಾಲು ಭಾಗ ಕರಗಿತು.

ಅಷ್ಟು ದೊಡ್ಡ ಕುಸಿತ ಏಕೆ? ಒಂದು ಲೆಕ್ಕ ಹಾಕಿ ನೋಡಿ. ಒಂದೇ ನಾಣ್ಯದ ಎರಡು ದೇಶ. ಒಂದರಲ್ಲಿ ಕೂಲಿ ವರ್ಷಕ್ಕೆ 3 ಪ್ರತಿಶತ ಏರುತ್ತದೆ, ಇನ್ನೊಂದರಲ್ಲಿ 1. ಉತ್ಪಾದಕತೆ ಎರಡರಲ್ಲೂ ಸಮ ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಮೊದಲಿನದು 134, ಎರಡನೆಯದು 110. ಮೊದಲಿನವನ ಮಾಲು ಸುಮಾರು 22 ಪ್ರತಿಶತ ತುಟ್ಟಿ. ಸ್ವಂತ ನಾಣ್ಯವಿದ್ದರೆ ಅದನ್ನು 18 ಪ್ರತಿಶತ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ, ಒಂದು ರಾತ್ರಿಯ ಕೆಲಸ. ನಾಣ್ಯ ಒಂದೇ ಆದರೆ ಕೂಲಿಯನ್ನೇ ಇಳಿಸಬೇಕು. ವರ್ಷಕ್ಕೆ 2ರಂತೆ ಇಳಿಸುತ್ತ, ಆ ಕಡೆಯವರು 1ರಂತೆ ಏರುತ್ತ ಹೋದರೂ ಆರೂವರೆ ವರ್ಷ ಬೇಕು. ಅದೂ ಪ್ರತಿ ವರ್ಷ, ಪ್ರತಿ ಕಾರ್ಖಾನೆಯಲ್ಲಿ, ಪ್ರತಿ ಶಾಲೆಯಲ್ಲಿ ಜಗಳವಾಡಿ. ಕೂಲಿ ಇಳಿಸುವುದಕ್ಕಿಂತ ಆಳನ್ನು ಬಿಡಿಸುವುದು ಸುಲಭವಾದ್ದರಿಂದ ಆಗುವುದು ಅದೇ.

ಇಷ್ಟರಲ್ಲಿ ಸಾಲ ಸುಮ್ಮನೆ ಕೂತಿರುವುದಿಲ್ಲ. ಜಿಡಿಪಿ 100, ಸಾಲ 100 ಇದ್ದ ದೇಶದಲ್ಲಿ ಕೂಲಿ-ಬೆಲೆ ಇಳಿದು ಜಿಡಿಪಿ 80 ಆಯಿತೆನ್ನಿ. ಹೊಸದಾಗಿ ಒಂದು ಕಾಸೂ ಸಾಲ ಮಾಡದೆ ಸಾಲದ ಪ್ರಮಾಣ 125 ಆಯಿತು. ಮಿತವ್ಯಯ ಮಾಡಿದಷ್ಟೂ ಸಾಲ ಭಾರವಾಗುತ್ತದೆ. ತೋಟ ಅಡವಿಟ್ಟವನಿಗೆ ಇದು ವಿವರಿಸಬೇಕಿಲ್ಲ. ಅಡಿಕೆ ದರ ಅರ್ಧಕ್ಕಿಳಿದ ವರ್ಷ ಸೊಸೈಟಿಯ ಕಂತು ಅರ್ಧಕ್ಕಿಳಿಯುವುದಿಲ್ಲ.

ಸ್ವಂತ ನಾಣ್ಯವಿದ್ದವರು ಸುಖವಾಗಿದ್ದರೆಂದೂ ಹೇಳಲಾರೆ. 2008ರಲ್ಲಿ ಐಸ್‌ಲ್ಯಾಂಡಿನ ಕ್ರೋನಾ ಯೂರೋ ಎದುರು ಅರ್ಧದಷ್ಟು ಬಿತ್ತು. ಮೀನು ರಫ್ತು, ಪ್ರವಾಸೋದ್ಯಮ ಬೇಗ ಚೇತರಿಸಿದವು. ಆದರೆ ವಿದೇಶಿ ಹಣದ ಲೆಕ್ಕದಲ್ಲಿ ಮನೆ ಸಾಲ, ಕಾರಿನ ಸಾಲ ಮಾಡಿದವರ ಕಂತು ದುಪ್ಪಟ್ಟಾಯಿತು. ಅಪಮೌಲ್ಯವೂ ಕೂಲಿ ಕಡಿತವೇ. ಎಲ್ಲರಿಗೂ ಒಂದೇ ದಿನ, ಒಂದೇ ಪ್ರಮಾಣದಲ್ಲಿ ಬೀಳುತ್ತದೆ. ಒಬ್ಬನ ಕೆಲಸ ಪೂರ್ತಿ ಹೋಗಿ ಇನ್ನೊಬ್ಬನಿಗೆ ಏನೂ ಆಗದಿರುವುದಕ್ಕಿಂತ ಇದು ವಾಸಿ ಎಂಬುದು ನನ್ನ ಅಭಿಪ್ರಾಯ.

ಬ್ಯಾಂಕಿನ ಮುಂದಿನ ಸಾಲು

ಏಕ ನಾಣ್ಯದ ಅತಿ ಬೇಗದ ಅಪಾಯ ಬ್ಯಾಂಕಿನಲ್ಲಿದೆ, ಇದರ ಬಗ್ಗೆ ಮಾತು ಕಡಿಮೆ. ಗ್ರೀಸ್ ಯೂರೋ ಬಿಡಬಹುದು ಎಂಬ ಸುದ್ದಿ ಹಬ್ಬಿದರೆ ಅಥೆನ್ಸಿನ ಠೇವಣಿದಾರ ಏನು ಮಾಡುತ್ತಾನೆ? ತನ್ನ ಯೂರೋವನ್ನು ಜರ್ಮನಿಯ ಬ್ಯಾಂಕಿಗೆ ಕಳಿಸುತ್ತಾನೆ. ಹಣ ಬದಲಿಸಬೇಕಿಲ್ಲ, ವಟ್ಟವಿಲ್ಲ, ತಡೆಯಿಲ್ಲ. ಯಾವ ಸೌಕರ್ಯವನ್ನು ಲಾಭ ಎಂದು ಎಣಿಸಿದ್ದೆವೋ ಅದೇ ಈಗ ಬ್ಯಾಂಕನ್ನು ಖಾಲಿ ಮಾಡುವ ದಾರಿ. 2015ರ ಜೂನ್ ಕೊನೆಯಲ್ಲಿ ಗ್ರೀಸಿನ ಬ್ಯಾಂಕುಗಳು ಮೂರು ವಾರ ಮುಚ್ಚಿದವು. ಎಟಿಎಂನಿಂದ ದಿನಕ್ಕೆ ತೆಗೆಯಬಹುದಾಗಿದ್ದದ್ದು 60 ಯೂರೋ. ಅದಕ್ಕೂ ಮೊದಲು 2013ರಲ್ಲಿ ಸೈಪ್ರಸ್‌ನಲ್ಲಿ ಹೀಗೆಯೇ ಆಗಿತ್ತು. ಅಂದರೆ ಆ ದಿನಗಳಲ್ಲಿ ಸೈಪ್ರಸ್ಸಿನ ಬ್ಯಾಂಕಿನೊಳಗಿನ ಒಂದು ಯೂರೋ ಬರ್ಲಿನ್ನಿನ ಒಂದು ಯೂರೋಗೆ ಸಮವಿರಲಿಲ್ಲ.

ನಮ್ಮಲ್ಲಿ ಹಾಗಾಗದಿರಲು ಕಾರಣವಿದೆ. ಶಿರಸಿಯ ಬ್ಯಾಂಕಿನಲ್ಲಿಟ್ಟ ಠೇವಣಿಗೆ ಐದು ಲಕ್ಷ ರೂಪಾಯಿವರೆಗಿನ ವಿಮೆ ಇಡೀ ದೇಶದ ನಿಗಮದ್ದು, ಕರ್ನಾಟಕದ ಬೊಕ್ಕಸದ್ದಲ್ಲ. ರಾಜ್ಯದ ಬಜೆಟ್ ಎಷ್ಟೇ ಬಿಗಿಯಾಗಲಿ, ಬ್ಯಾಂಕಿನ ಮೇಲಿನ ನಂಬಿಕೆಗೆ ಅದು ತಟ್ಟುವುದಿಲ್ಲ. ಯೂರೋ ವಲಯದಲ್ಲಿ 2014ರ ನವೆಂಬರ್‌ನಿಂದ ದೊಡ್ಡ ಬ್ಯಾಂಕುಗಳ ಮೇಲ್ವಿಚಾರಣೆ ಒಂದೇ ಕಡೆ ಬಂದಿದೆ. ಒಂದು ಲಕ್ಷ ಯೂರೋವರೆಗಿನ ಠೇವಣಿ ಖಾತರಿಯನ್ನು ಮಾತ್ರ ಆಯಾ ದೇಶದ ನಿಧಿಯೇ ಹೊರುತ್ತದೆ. ಅರ್ಧ ಕಟ್ಟಿದ ಒಡ್ಡು ಇದು.

ಬಿಕ್ಕಟ್ಟು ನಿಂತದ್ದು ಹೇಗೆಂಬುದೂ ಅಷ್ಟೇ ಮುಖ್ಯ. 2012ರ ಜುಲೈ 26ರಂದು ಯುರೋಪಿನ ಕೇಂದ್ರ ಬ್ಯಾಂಕಿನ ಆಗಿನ ಅಧ್ಯಕ್ಷ ಮಾರಿಯೊ ದ್ರಾಗಿ ಲಂಡನ್ನಿನಲ್ಲಿ, ಯೂರೋ ಉಳಿಸಲು ಏನು ಬೇಕೋ ಅದನ್ನೆಲ್ಲ ಮಾಡುತ್ತೇವೆ ಎಂದರು. ಸೆಪ್ಟೆಂಬರ್‌ನಲ್ಲಿ ಅದಕ್ಕೊಂದು ಯೋಜನೆ ಪ್ರಕಟವಾಯಿತು: ಕಷ್ಟದಲ್ಲಿರುವ ಸರ್ಕಾರಗಳ ಸಾಲಪತ್ರಗಳನ್ನು ಕೇಂದ್ರ ಬ್ಯಾಂಕೇ ಕೊಳ್ಳುವುದು. ಆ ಯೋಜನೆಯಡಿ ಒಂದೇ ಒಂದು ಸಾಲಪತ್ರವನ್ನೂ ಕೊಳ್ಳಬೇಕಾಗಲಿಲ್ಲ, ಆದರೂ ಬಡ್ಡಿ ಇಳಿಯಿತು. ಕೊನೆಗೆ ಕೈಹಿಡಿಯುವವರು ಯಾರೋ ಇದ್ದಾರೆ ಎಂಬ ಭರವಸೆ ಇಲ್ಲದ್ದೇ ಅಲ್ಲಿಯವರೆಗಿನ ದೋಷವಾಗಿತ್ತು. 2020ರಲ್ಲಿ ಕೋವಿಡ್ ಬಂದಾಗ ಯುರೋಪಿನ ಒಕ್ಕೂಟ ಮೊದಲ ಬಾರಿ ದೊಡ್ಡ ಮೊತ್ತವನ್ನು, 750 ಶತಕೋಟಿ ಯೂರೋವರೆಗೆ, ಎಲ್ಲರ ಹೆಸರಿನಲ್ಲಿ ಸಾಲ ಎತ್ತಲು ಒಪ್ಪಿತು. ಎಂಟು ವರ್ಷ ಮೊದಲೇ ಅದನ್ನು ಮಾಡಿದ್ದರೆ ಒಂದು ತಲೆಮಾರಿನ ಯುವಕರು ಅಥೆನ್ಸ್, ಮ್ಯಾಡ್ರಿಡ್‌ಗಳಲ್ಲಿ ಕೆಲಸವಿಲ್ಲದೆ ಕೂರಬೇಕಿರಲಿಲ್ಲ.

ಒಳಗೆ ಹೋಗುವುದು, ಹೊರಗೆ ಬರುವುದು

ಒಳಗೆ ಹೋಗುವ ಕೆಲಸ ನಿಧಾನದ್ದು, ಆದರೆ ತಿಳಿದ ಕೆಲಸ. ಪರಿವರ್ತನೆಯ ದರವನ್ನು ಆರು ಅಂಕಿಗಳಲ್ಲಿ ಕೊಡುತ್ತಾರೆ. ಕ್ರೊಯೇಷಿಯಾಕ್ಕೆ 2023ರಲ್ಲಿ ಒಂದು ಯೂರೋಗೆ 7.53450 ಕೂನಾ. ಇದನ್ನು ತಿರುಗಿಸಿ, ಒಂದು ಕೂನಾಗೆ 0.1327 ಯೂರೋ ಎಂದು ಚಿಕ್ಕದು ಮಾಡಿ ಗುಣಿಸುವಂತಿಲ್ಲ. ಭಾಗಿಸಿಯೇ ತೆಗೆಯಬೇಕು, ಕೊನೆಯಲ್ಲಿ ಮಾತ್ರ ಸೆಂಟಿಗೆ ಸರಿಹೊಂದಿಸಬೇಕು. ಹತ್ತು ಲಕ್ಷ ಕೂನಾದ ಠೇವಣಿಯಲ್ಲಿ ಈ ಎರಡು ವಿಧಾನಗಳಿಗೆ 22 ಯೂರೋ 81 ಸೆಂಟ್ ವ್ಯತ್ಯಾಸ ಬರುತ್ತದೆ. ಅಂಗಡಿಗಳಲ್ಲಿ ಬದಲಾವಣೆಗೆ ನಾಲ್ಕು ತಿಂಗಳು ಮೊದಲೇ ಎರಡೂ ಹಣದಲ್ಲಿ ಬೆಲೆ ಬರೆಯುವುದು ಕಡ್ಡಾಯವಾಗಿತ್ತು. ಎರಡು ವಾರ ಎರಡೂ ನೋಟು ನಡೆದವು, ಚಿಲ್ಲರೆ ಮಾತ್ರ ಯೂರೋದಲ್ಲಿ. ಕಾಫಿ, ಕ್ಷೌರದಂಥ ಸಣ್ಣ ಬೆಲೆಗಳನ್ನು ಮೇಲಕ್ಕೆ ದುಂಡಾಗಿಸುವುದು ಎಲ್ಲ ಕಡೆ ನಡೆಯುತ್ತದೆ. ಒಟ್ಟು ಹಣದುಬ್ಬರದಲ್ಲಿ ಅದು ಚಿಕ್ಕದು, ಆದರೆ ದಿನವೂ ಕೈಗೆ ತಾಗುವ ಬೆಲೆಗಳಾದ್ದರಿಂದ ಜನರಿಗೆ ದೊಡ್ಡದಾಗಿ ಕಾಣುತ್ತದೆ.

ಹೊರಗೆ ಬರುವ ದಾರಿ ಯೂರೋ ಒಪ್ಪಂದದಲ್ಲಿ ಬರೆದೇ ಇಲ್ಲ. ಶಾಂತವಾಗಿ ಬೇರೆಯಾದ ಉದಾಹರಣೆ ಬೇಕಾದರೆ ಜೆಕ್ ಮತ್ತು ಸ್ಲೊವಾಕಿಯ. 1993ರ ಜನವರಿ 1ಕ್ಕೆ ದೇಶ ಎರಡಾಯಿತು. ನಾಣ್ಯ ಇನ್ನೂ ಕೆಲವು ತಿಂಗಳು ಒಂದೇ ಇರಲಿ ಎಂದುಕೊಂಡಿದ್ದರು, ಹಣ ಪೂರ್ವದಿಂದ ಪಶ್ಚಿಮಕ್ಕೆ ಹರಿಯಲು ಶುರುವಾದ್ದರಿಂದ ಫೆಬ್ರವರಿ 8ಕ್ಕೇ ಬೇರೆ ಮಾಡಿದರು. ಹೊಸ ನೋಟಿಗೆ ಕಾಯದೆ ಹಳೆಯ ನೋಟಿಗೇ ಪುಟ್ಟ ಅಂಚೆ ಚೀಟಿಯಂಥ ಚೀಟಿ ಅಂಟಿಸಿದರು. ಜುಲೈನಲ್ಲಿ ಸ್ಲೊವಾಕಿಯ ತನ್ನ ನಾಣ್ಯವನ್ನು 10 ಪ್ರತಿಶತ ಇಳಿಸಿತು. ಅದು ಸಾಧ್ಯವಾದದ್ದು ಎರಡೂ ಕಡೆ ಒಪ್ಪಿಗೆಯಿದ್ದು, ವಿದೇಶಿ ಸಾಲ ಕಡಿಮೆಯಿದ್ದು, ತಯಾರಿ ಮುಚ್ಚಿದ ಬಾಗಿಲ ಹಿಂದೆ ನಡೆದಿದ್ದರಿಂದ. ಒಂದು ಬೆರಳ ಚಲನೆಯಲ್ಲಿ ಹಣ ದೇಶ ದಾಟುವ ಇಂದು ಅಂಥ ಮೂವತ್ತೆಂಟು ದಿನ ಯಾರಿಗೂ ಸಿಗುವುದಿಲ್ಲ.

ಸಭಿಕರ ಪ್ರಶ್ನೆಗಳು

*ದಕ್ಷಿಣ ಏಷ್ಯಾಕ್ಕೆ, ಅಥವಾ ಬ್ರಿಕ್ಸ್ ದೇಶಗಳಿಗೆ ಒಂದೇ ನಾಣ್ಯ ಆಗಬಹುದೆ?*

ದಕ್ಷಿಣ ಏಷ್ಯಾಕ್ಕೆ ಒಂದೇ ನಾಣ್ಯದ ಮಾತನ್ನು ಪ್ರಧಾನಿಯಾಗಿದ್ದ ವಾಜಪೇಯಿಯವರು 2003ರ ಕೊನೆಯಲ್ಲಿ ಆಡಿದ್ದರು. ಆಶಯ ಒಳ್ಳೆಯದು. ಆದರೆ ಈ ಪ್ರದೇಶದ ಉತ್ಪನ್ನದಲ್ಲಿ ಮುಕ್ಕಾಲಿಗಿಂತ ಹೆಚ್ಚು ಭಾರತದ್ದೇ. ಬಡ್ಡಿದರ ನಮ್ಮ ಅಗತ್ಯ ನೋಡಿ ನಿಗದಿಯಾಗುತ್ತದೆ, ನೇಪಾಳ, ಶ್ರೀಲಂಕಾಗಳು 1966ರ ದುಬೈಯ ಜಾಗದಲ್ಲಿ ನಿಲ್ಲುತ್ತವೆ. 2016ರ ನವೆಂಬರ್‌ನಲ್ಲಿ ನಾವು 500, 1000ದ ನೋಟು ರದ್ದು ಮಾಡಿದಾಗ ನೇಪಾಳದ ಮನೆಗಳಲ್ಲಿದ್ದ ಆ ನೋಟುಗಳಿಗೆ ಬದಲಿ ಸಿಗದೆ ಜನ ಒದ್ದಾಡಿದ್ದು ಅದರ ಸಣ್ಣ ರುಚಿ. ಚೀನಾ, ರಷ್ಯಾ, ಭಾರತ ಮೊದಲಾದವು ಸೇರಿದ ಬ್ರಿಕ್ಸ್ ಕೂಟದ ವಿಷಯದಲ್ಲಿ ಎರಡು ಸಂಗತಿಗಳನ್ನು ಬೆರೆಸಬೇಡಿ. ಪರಸ್ಪರರ ನಾಣ್ಯದಲ್ಲಿ ಲೆಕ್ಕ ಚುಕ್ತಾ ಮಾಡುವುದು ಬೇರೆ. ರೂಪಾಯಿಯಲ್ಲಿ ಹಾಗೆ ಮಾಡಲು ರಿಸರ್ವ್ ಬ್ಯಾಂಕ್ 2022ರ ಜುಲೈನಲ್ಲಿ ದಾರಿ ತೆರೆದಿದೆ. ರಷ್ಯಾ ನಮಗೆ ಮಾರಿದಷ್ಟು ನಮ್ಮಿಂದ ಕೊಳ್ಳದ್ದರಿಂದ ಅಲ್ಲಿ ರೂಪಾಯಿ ರಾಶಿ ಬಿತ್ತು, ಅಂಥ ತೊಡಕು ಅದರಲ್ಲೂ ಇದೆ. ಒಂದೇ ನಾಣ್ಯ ಎಂದರೆ ಒಂದೇ ಕೇಂದ್ರ ಬ್ಯಾಂಕ್. ಬೀಜಿಂಗ್ ಮತ್ತು ದೆಹಲಿ ಒಂದೇ ಮೇಜಿನಲ್ಲಿ ಕೂತು ಬಡ್ಡಿದರ ಗೊತ್ತು ಮಾಡುವ ದಿನ ನನಗಂತೂ ಕಾಣುತ್ತಿಲ್ಲ. ಭಾಷೆ, ಧರ್ಮ, ಎಣ್ಣೆ ಎಲ್ಲ ಒಂದೇ ಇರುವ ಕೊಲ್ಲಿ ದೇಶಗಳಿಗೇ ಅದು ಆಗಿಲ್ಲ. ಕೇಂದ್ರ ಬ್ಯಾಂಕ್ ರಿಯಾದ್‌ನಲ್ಲಿ ಎಂದಾದಾಗ 2009ರಲ್ಲಿ ಯುಎಇ ಯೋಜನೆಯಿಂದಲೇ ಹೊರನಡೆಯಿತು.

*ಭೂತಾನದ ಅಡಿಕೆಗೂ ಈ ನಾಣ್ಯದ ವಿಚಾರಕ್ಕೂ ಸಂಬಂಧವಿದೆಯೆ?*

ನೇರ ಸಂಬಂಧವಿದೆ. ಭೂತಾನದ ನುಲ್ಟ್ರಮ್ 1974ರಿಂದ ನಮ್ಮ ರೂಪಾಯಿಗೆ ಸಮಸಮ, ರೂಪಾಯಿಯೂ ಅಲ್ಲಿ ನಡೆಯುತ್ತದೆ. ಹೆಸರು ಎರಡಾದರೂ ಕೆಲಸದಲ್ಲಿ ಇದು ಒಂದೇ ನಾಣ್ಯ. ಇಂಡೊನೇಷ್ಯಾದಿಂದ ಅಡಿಕೆ ಬರುವಾಗ ವಿನಿಮಯ ದರ ಒಂದು ತಡೆಗೋಡೆ, ಸುಂಕ ಇನ್ನೊಂದು, ಕಿಲೋಗೆ 351 ರೂಪಾಯಿಯ ಕನಿಷ್ಠ ಆಮದು ಬೆಲೆ ಮೂರನೆಯದು. ಭೂತಾನದ ವಿಷಯದಲ್ಲಿ ಮೊದಲೆರಡೂ ಇಲ್ಲ. ಅಲ್ಲಿ ಬೆಳೆ ಹೆಚ್ಚಾಗಿ ದರ ಬಿದ್ದರೆ ಅದೇ ದರ ಗಡಿ ದಾಟಿ ಬರುತ್ತದೆ, ನಡುವೆ ಯಾವ ವಿನಿಮಯ ದರವೂ ಅದನ್ನು ಹೀರಿಕೊಳ್ಳುವುದಿಲ್ಲ. ಮೂರನೆಯ ಗೋಡೆಯಲ್ಲೂ 2022ರಲ್ಲಿ ಒಂದು ಕಿಂಡಿ ಬಿಟ್ಟರು: ಭೂತಾನದ ಗಡಿಯಲ್ಲಿರುವ ಜೈಗಾಂವ್ ಚೌಕಿಯ ಮೂಲಕ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಕನಿಷ್ಠ ಬೆಲೆಯ ಷರತ್ತಿಲ್ಲದೆ ಬರಬಹುದು. ಹಾಗಾಗಿ ನಿಮ್ಮ ಸಂಘಗಳು ವಿನಿಮಯ ದರದ ಸುದ್ದಿ ನೋಡಿ ಪ್ರಯೋಜನವಿಲ್ಲ. ಜೈಗಾಂವ್‌ನಲ್ಲಿ ಎಷ್ಟು ಟನ್ ತೂಗಿದರು, ಹಸಿಯೋ ಒಣಗಿದ್ದೋ, ಭೂತಾನದ್ದೇ ಎಂಬ ಮೂಲ ಪ್ರಮಾಣಪತ್ರ ಇತ್ತೋ, ಈ ಲೆಕ್ಕವನ್ನು ಕೇಳಿ ಪಡೆಯಬೇಕು.